ಭಾವನ ಗಾಡಿ ಇನ್ನೂ ಬಂದಿಲ್ಲ

ನಮ್ಮ ಭಾವನ ಮನೆಯಲ್ಲಿ ಮೂರು ತಿಂಗಳಿಂದ ದಿನ ಎಣಿಸುತ್ತಿದ್ದಾರೆ. ಹಾಗಂತ ಮನೆಯಲ್ಲಿ ಬಸುರಿ ಯಾರೂ ಇಲ್ಲ, ಉಪನಯನ ಇಲ್ಲ, ಕೋರ್ಟಿನಲ್ಲಿ ಕೇಸೂ ಇಲ್ಲ. ಬರಬೇಕಾಗಿರೋದು ಒಂದು ಗಾಡಿ.

ಹೊಸ ಸ್ಪೋರ್ಟಿ ಕ್ರಾಸೋವರ್ ಎಸ್‌ಯುವಿ. ಯಾವ ಕಂಪನಿಯದು ಅಂತ ಹೇಳೋದಿಲ್ಲ. ಯಾಕೆಂದರೆ ಈಗ ಎಲ್ಲ ಕಂಪನಿಯದೂ ಒಂದೊಂದು ಬರ್ತಾನೇ ಇದೆ, ಮುಂದಿನ ಲಾಂಛನಕ್ಕೆ ಹೆಬ್ಬೆರಳು ಅಡ್ಡ ಹಿಡಿದು ಫೋಟೋ ತೋರಿಸಿದರೆ ಯಾವುದು ಯಾವುದೆಂದು ಮಾಡಿದವರಿಗೂ ಗೊತ್ತಾಗಲಿಕ್ಕಿಲ್ಲ. ಭಾವ ಇರೋದು ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗೆ. ಅವನ ಆಸ್ತಿ ಎರಡು ಎಕರೆ ಅಡಿಕೆ ತೋಟ, ಒಂದು ಓಮ್ನಿ, ಒಂದು ಸೊಂಟನೋವು. ಮೂರಕ್ಕೂ ಸಾಕಷ್ಟು ವಯಸ್ಸಾಗಿದೆ.

ಮೊದಲು ಬಂದಿದ್ದು ಟೀಸರ್. ಹನ್ನೊಂದು ಸೆಕೆಂಡಿನ ವಿಡಿಯೋ. ಪೂರ್ತಿ ಕತ್ತಲೆ, ಕತ್ತಲೆಯೊಳಗೆ ಒಂದು ಕೆಂಪು ಗೆರೆ, ಗುಡುಗಿನಂಥ ಸದ್ದು, ಮುಗೀತು. ಭಾವ ಅದನ್ನು ಜಗಲಿಯಲ್ಲಿ ನೋಡಿದ, ಬೆಳಕು ಜಾಸ್ತಿ ಮಾಡಿ ನೋಡಿದ, ಆಮೇಲೆ ಕಂಬಳಿ ಹೊದ್ದು ಒಳಗೆ ಸೇರಿಕೊಂಡು ನೋಡಿದ. ಹೊರಗೆ ಬಂದು ತೀರ್ಪು ಕೊಟ್ಟ: "ತಮಾ, ಹಿಂದಿನ ಲೈಟು ಈ ತುದಿಯಿಂದ ಆ ತುದಿಗೆ ಒಂದೇ ಪಟ್ಟಿ." ನಾನು ಸಣ್ಣವನಿದ್ದಾಗ ಕತ್ತಲೆಯಲ್ಲಿ ಕೆಂಪಗೆ ಏನಾದರೂ ಕಂಡರೆ ಅದು ಯಕ್ಷಗಾನದ ಆಟ ನೋಡಿ ಬರುತ್ತಿದ್ದ ಯಾರದ್ದೋ ಬೀಡಿ ಆಗಿರುತ್ತಿತ್ತು.

ಎರಡನೇ ವಾರ ಬಾಗಿಲಿನ ಹಿಡಿಕೆ ತೋರಿಸಿದರು. ಮೂರನೇ ವಾರ ಗಾಲಿಯ ಕಾಲು ಭಾಗ. ಯಕ್ಷಗಾನದಲ್ಲಿ ರಾಕ್ಷಸ ವೇಷಕ್ಕೂ ಹೀಗೇ, ತೆರೆ ಹಿಡಿದು, ಹಿಂದಿನಿಂದ ಆರ್ಭಟ ಕೇಳಿಸಿ, ಕಿರೀಟದ ತುದಿ ಕಾಣಿಸಿ, ಮಕ್ಕಳು ಅಜ್ಜನ ಪಂಚೆ ಹಿಡಿದುಕೊಂಡ ಮೇಲೇ ಮುಖ ತೋರಿಸೋದು. ಆದರೆ ಅಲ್ಲಿ ಬೆಳಗಾಗೋದರೊಳಗೆ ರಾಕ್ಷಸ ಸತ್ತೂ ಆಗಿರುತ್ತದೆ. ಇಲ್ಲಿ ಮೂರು ತಿಂಗಳಾದರೂ ತೆರೆ ಹಿಡಿದವರ ಕೈ ನೋಯಲಿಲ್ಲ. ಹಾಗೆ ನೋಡಿದರೆ ಟೀಸರ್ ನಮ್ಮ ಜಿಲ್ಲೆಗೆ ಹೊಸದೇನಲ್ಲ ಬಿಡಿ. ಹುಬ್ಬಳ್ಳಿ–ಅಂಕೋಲಾ ರೈಲಿನದು ಕಳೆದ ಶತಮಾನದಿಂದ ಓಡ್ತಾ ಇದೆ. ರೈಲಲ್ಲ, ಟೀಸರ್.

ಆಮೇಲೆ ಸ್ಪೈ ಫೋಟೋ ಕಾಲ. ಹೊಸ ಗಾಡಿಯನ್ನು ರಸ್ತೆಗಿಳಿಸಿ ಪರೀಕ್ಷೆ ಮಾಡುವಾಗ ಅದರ ಅಂಚು, ಮಡಿಕೆ ಕ್ಯಾಮೆರಾಕ್ಕೆ ಸಿಗಬಾರದು ಅಂತ ಮೈತುಂಬ ಕಪ್ಪು-ಬಿಳಿ ಸುಳಿ ಸುಳಿ ಚಿತ್ರ ಅಂಟಿಸುತ್ತಾರೆ. ಸುಮ್ನೆ ಬಿಳೀ ಬಣ್ಣದಲ್ಲಿ ಹೋಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹೀಗೆ ಹೋದರೆ ರಸ್ತೆಯಲ್ಲಿ ಮಲಗಿದ ದನವೂ ಎದ್ದು ನಿಂತು ನೋಡುತ್ತದೆ. ಒಂದು ಬೆಳಗ್ಗೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಿತ್ತು: ದೇವಿಮನೆ ಘಾಟ್, ಮಂಜು, ಮಂಜಿನೊಳಗೆ ಕಪ್ಪು-ಬಿಳಿ ಹೊದ್ದ ಒಂದು ದೊಡ್ಡ ಗಾಡಿ. ಮಧ್ಯಾಹ್ನದ ಊಟದೊಳಗೆ ಸಂಶೋಧನೆ ಮುಗಿಯಿತು. ಹಿಂಭಾಗ ಇಳಿಜಾರಿದೆ, ಅಂದ್ರೆ ಕೂಪೆ. ಉದ್ದ ನೋಡಿದರೆ ಏಳು ಸೀಟು. ಒಬ್ಬರಂತೂ ಚೌಕ ಎಳೆದು, ಬಾಣ ಗುರುತು ಹಾಕಿ, ಎರಡು ಸೈಲೆನ್ಸರ್ ಇದೆ ಅಂತ ತೋರಿಸಿದರು. ರಾತ್ರಿ ಹೊತ್ತಿಗೆ ಪಕ್ಕದೂರಿನ ಶಾಮಿಯಾನದವರ ಹುಡುಗ ಬರೆದ: ಅದು ನಮ್ಮ ಪಿಕಪ್ಪು, ಕುಮಟಾದಲ್ಲಿ ಮದುವೆ ಇತ್ತು, ಸ್ಪೀಕರ್ ಒದ್ದೆಯಾಗಬಾರದು ಅಂತ ಹಳೇ ಬ್ಯಾನರ್ ಮಗುಚಿ ಹೊದೆಸಿದ್ದು. ಗುಂಪು ತಣ್ಣಗಾಯಿತು. ಭಾವ ಮಾತ್ರ ಬಿಡಲಿಲ್ಲ. ಕಂಪನಿಯವರು ಹುಡುಗನ ಬಾಯಿ ಮುಚ್ಚಿಸಿದ್ದಾರೆ ಅಂತ ಅವನ ಗುಮಾನಿ ಇವತ್ತಿಗೂ ಇದೆ.

ಕ್ರಾಸೋವರ್ ಅಂದರೆ ಏನು ಭಾವ ಅಂತ ಕೇಳಿದೆ. "ಇದು ಬರೀ ಕಾರಲ್ದೋ" ಅಂದ. ಅಷ್ಟು ಸಾಲದೆ ನಾನೇ ಹುಡುಕಿ ಓದಿಕೊಂಡೆ. ಹಳೇ ಜೀಪಿನಲ್ಲಿ ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು, ಅದರ ಮೇಲೆ ಬೇರೆ ಪೆಟ್ಟಿಗೆ. ಕ್ರಾಸೋವರಿನಲ್ಲಿ ಏಣಿ ಇಲ್ಲ, ಕಾರಿನ ಹಾಗೆ ಮೈಯೇ ಚೌಕಟ್ಟು. ಅಂದರೆ ಕಾರನ್ನೇ ಸ್ವಲ್ಪ ಎತ್ತರಿಸಿ, ದೊಡ್ಡ ಗಾಲಿ ತೊಡಿಸಿ, ಸುತ್ತ ಕಪ್ಪು ಪ್ಲಾಸ್ಟಿಕ್ ಅಂಚು ಕೊಟ್ಟಿದ್ದು, ಸೀರೆಗೆ ಫಾಲ್ಸ್ ಹಚ್ಚಿದ ಹಾಗೆ. ಹೆಚ್ಚಿನವುಗಳಲ್ಲಿ ಎಳೆಯೋದು ಮುಂದಿನ ಎರಡೇ ಗಾಲಿ. ಕೆಳಗೆ ಬೆಳ್ಳಿ ಬಣ್ಣದ ತಟ್ಟೆ ಕಾಣುತ್ತದಲ್ಲ, ಬಂಡೆ ತಾಗಿದರೆ ಎಂಜಿನ್ ಕಾಯುವಂಥದ್ದು, ಅದನ್ನು ಬೆರಳಿನಲ್ಲಿ ಕುಟ್ಟಿ ನೋಡಿ. ಬಹಳ ಗಾಡಿಗಳಲ್ಲಿ ಟೊಕ್ ಟೊಕ್ ಅನ್ನುತ್ತದೆ, ಪ್ಲಾಸ್ಟಿಕ್. ವೇಷದ ಕಿರೀಟವೂ ಚಿನ್ನದ್ದಲ್ಲ, ಒಪ್ಪಿಕೊಳ್ಳೋಣ. ಆದರೆ ವೇಷಧಾರಿ ಅದನ್ನು ಹಾಕಿಕೊಂಡು ನಿಜವಾದ ಯುದ್ಧಕ್ಕೆ ಹೋಗ್ತೇನೆ ಅಂತ ಜಾಹೀರಾತು ಕೊಡೋದಿಲ್ಲ.

ಎಸ್‌ಯುವಿ ಹೌದೋ ಅಲ್ಲವೋ ಅನ್ನೋದು ನಾನೊಬ್ಬನೇ ಎತ್ತಿದ ತಕರಾರೂ ಅಲ್ಲ. ಜಿಎಸ್‌ಟಿ ಕೌನ್ಸಿಲ್ಲಿನಲ್ಲಿ ದೇಶದ ಹಣಕಾಸು ಮಂತ್ರಿಗಳೆಲ್ಲ ಕೂತು ಇದನ್ನೇ ಚರ್ಚೆ ಮಾಡಿದ್ದಾರೆ. 4000 ಮಿಲಿಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ನೆಲದಿಂದ ಹೊಟ್ಟೆಗೆ 170 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಅದು ಎಸ್‌ಯುವಿ, 28 ಪರ್ಸೆಂಟ್ ಜಿಎಸ್‌ಟಿಯ ಮೇಲೆ 22 ಸೆಸ್ಸು, ಒಟ್ಟು 50 ಪರ್ಸೆಂಟ್ ಕೊಡಿ ಅಂತಾಯಿತು. ಆಗ ಇನ್ನೊಂದು ಪ್ರಶ್ನೆ ಬಂತು. ಈ 170 ಅಳೆಯೋದು ಜನ ಕೂತಾಗಲೋ, ಖಾಲಿ ಇದ್ದಾಗಲೋ? ಕೂತರೆ ಗಾಡಿ ತಗ್ಗುತ್ತದೆ, ತಗ್ಗಿದರೆ ತೆರಿಗೆಯೂ ತಗ್ಗುತ್ತದೆ. 2023ರ ಜುಲೈನಲ್ಲಿ ತೀರ್ಮಾನ ಬಂತು: ಗಾಡಿಯನ್ನು ಯಾವ ಹೆಸರಿನಿಂದ ಕರೆದರೂ ಸರಿ, ಖಾಲಿ ಇದ್ದಾಗಲೇ ಅಳೆಯಬೇಕು. ನಮ್ಮ ಕಡೆ ಖಾಲಿ ಗಾಡಿ ಅಂತ ಒಂದು ಇರುತ್ತದೆ ಅಂತ ಯಾರು ಹೇಳಿದರೋ ಗೊತ್ತಿಲ್ಲ. ಒಂದು ಉಪನಯನಕ್ಕೆ ಹೊರಟ ಗಾಡಿಯಲ್ಲಿ ಎಂಟು ಜನ, ಎರಡು ಹಲಸಿನಹಣ್ಣು, ಒಂದು ಮಡಿ ಪಾತ್ರೆ ಇರುತ್ತದೆ. ಆಗ ನೆಲಕ್ಕೂ ಹೊಟ್ಟೆಗೂ ನಡುವೆ ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ಒಂದು ತೊಡೆದೇವು ತೂರಿಸಬಹುದು, ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಆ ಸೆಸ್ಸು ಹೋಗಿದೆ. ಈಗ ನಾಲ್ಕು ಮೀಟರಿನೊಳಗೆ, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಒಳಗಿದ್ದರೆ 18 ಪರ್ಸೆಂಟ್, ಮೀರಿದರೆ 40. ಹಾಗಾಗಿ 3995 ಮಿಲಿಮೀಟರಿಗೆ ಬಾಲ ಕತ್ತರಿಸಿಕೊಂಡ ಗಾಡಿಗಳು ಬೇಕಾದಷ್ಟಿವೆ. ಭಾವನಿಗೆ ಬೇಕಾಗಿದ್ದು ಬಾಲ ಇರೋದು.

ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ 17 ಪರ್ಸೆಂಟ್, ಅದಕ್ಕೊಂದು ಸೆಸ್ಸು ಬೇರೆ. ಎಕ್ಸ್ ಶೋರೂಮ್ ಬೆಲೆ ಅಂದರೆ ಗಾಡಿಯನ್ನು ಅಲ್ಲೇ ಬಿಟ್ಟು ಬರುವವರಿಗೆ. ಕಾರವಾರದಲ್ಲಿರುವ ಗೆಳೆಯನೊಬ್ಬ "ಕಾಳಿ ದಾಟಿದರೆ ಗೋವಾ, ಅಲ್ಲಿ ತೆರಿಗೆ ಕಮ್ಮಿ" ಅಂತ ಉಪಾಯ ಹೇಳಿಕೊಟ್ಟ. ದಾಟೋದೇನೋ ಸರಿ, ಕಾಳಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಲಾರಿ ಸಮೇತ ನದಿಗೆ ಬಿದ್ದಿದ್ದು ನೋಡಿದ ಮೇಲೆ ಭಾವನಿಗೆ ಶಿರಸಿಯ ಕೆಎ 31 ಅನ್ನೋ ನಂಬರೇ ಚೆಂದ ಕಾಣುತ್ತಿದೆ.

ಇಷ್ಟಕ್ಕೂ ಗಾಡಿಯ ಬೆಲೆ ಎಷ್ಟು? ಗೊತ್ತಿಲ್ಲ. ಹೇಳಿಲ್ಲ. ಆದರೂ ಭಾವ 21,000 ರೂಪಾಯಿ ಮುಂಗಡ ಕಟ್ಟಿ ಬಂದಿದ್ದಾನೆ. ಇದೇ ಮನುಷ್ಯ ಅಡಿಕೆ ಚೀಲ ತಗೊಂಡು ಶಿರಸಿಗೆ ಹೋದರೆ, ಟೆಂಡರಿನಲ್ಲಿ ಕ್ವಿಂಟಲಿಗೆ ಇನ್ನೂರು ಕಮ್ಮಿ ಬಂತು ಅಂತ ಕೊಡದೇ ಮುಂದಿನ ವಾರದವರೆಗೆ ಕಾಯುವವನು. ರೇಟು ಗೊತ್ತಿಲ್ಲದೆ ಒಂದು ಹಿಡಿ ಕೆಂಪಡಿಕೆ ಯಾರಿಗೂ ಕೊಟ್ಟವನಲ್ಲ.

ಸ್ಪೋರ್ಟಿ ಅನ್ನೋದು ಯಾಕೆ ಅಂತ ನನಗೆ ಕೊನೆಗೂ ತಿಳಿಯಲಿಲ್ಲ. ಒಂದು ಗುಂಡಿ ಒತ್ತಿದರೆ ಒಳಗಿನ ಬೆಳಕು ಕೆಂಪಾಗಿ ಸ್ಟೀರಿಂಗ್ ಬಿಗಿಯಾಗುತ್ತದಂತೆ. ಸೊನ್ನೆಯಿಂದ ನೂರಕ್ಕೆ ಒಂಬತ್ತು ಸೆಕೆಂಡ್ ಅಂತ ಭಾವ ಪಂಚಾಂಗ ಹೇಳಿದ ಹಾಗೆ ಹೇಳುತ್ತಾನೆ. ಅವನ ಮನೆಯ ದಣಪೆಯಿಂದ ಹೊರಟರೆ ನಾಲ್ಕನೇ ಸೆಕೆಂಡಿಗೆ ತಿರುವು ಇದೆ, ಆರನೇ ಸೆಕೆಂಡಿಗೆ ಯಾರದ್ದೋ ಎಮ್ಮೆ. ಗಾಜಿನ ಮಾಡು ಬೇರೆ, ಇಡೀ ಆಕಾಶ ಕಾಣುವಂಥದ್ದು. ಗಾಡಿ ನಿಲ್ಲಿಸುವ ಜಾಗದ ಮೇಲೆ ಆಕಾಶ ಇಲ್ಲ. ತೆಂಗಿನಮರ ಇದೆ, ಮರದಲ್ಲಿ ಮಂಗ ಇದೆ.

ಓಮ್ನಿಯ ಕತೆ ಹೇಳದಿದ್ದರೆ ಪಾಪ ಬರುತ್ತದೆ. 796 ಸಿಸಿ, ಎಳೆಯೋದು ಹಿಂದಿನ ಗಾಲಿ, ಎಂಜಿನ್ ಸೀಟಿನ ಕೆಳಗೆ, ಹಾಗಾಗಿ ಡ್ರೈವರಿಗೆ ವರ್ಷವಿಡೀ ಬಿಸಿ. ಹಿಂಡಿ ಚೀಲ, ಬಾಳೆಗೊನೆ, ಮೇಲೆ ಕಟ್ಟಿದ ದೋಟಿ, ಒಮ್ಮೆ ಕಾಲು ಮುರಿದ ಕರು, ಇನ್ನೊಮ್ಮೆ ಉಬ್ಬಸ ಬಂದ ಅತ್ತೆ, ಎಲ್ಲವನ್ನೂ ಅದೇ ಹೊತ್ತಿದೆ. ಬಣ್ಣ ಬಿಳಿ ಅಂತ ಆರ್‌ಸಿಯಲ್ಲಿದೆ. ಪ್ರತೀ ಮಳೆಗಾಲದ ಮೊದಲು ಕೊಳೆ ರೋಗಕ್ಕೆ ಔಷಧ ಹೊಡೆಯುವಾಗ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿದ ಆ ಬೋರ್ಡೋ ನೀರು ಗಾಳಿಗೆ ಹಾರಿ ಹಾರಿ ಎಡಮೈ ಪೂರ್ತಿ ನೀಲಿ ಚುಕ್ಕಿ. ಹೊಸ ಗಾಡಿಯಲ್ಲಿ ಡ್ಯುಯಲ್ ಟೋನ್ ಬಣ್ಣಕ್ಕೆ ಜಾಸ್ತಿ ದುಡ್ಡು ಕೇಳುತ್ತಾರೆ.

ಜಾಹೀರಾತು ಬಂದ ದಿನ ನಾನು ಅಲ್ಲೇ ಇದ್ದೆ. ಗಾಜಿನ ಕಟ್ಟಡದ ಆಫೀಸಿನಲ್ಲಿ ಗಡ್ಡದ ಹುಡುಗನೊಬ್ಬ ಸುಸ್ತಾಗಿ ಕೂತಿದ್ದಾನೆ. ಎದ್ದ, ಗಾಡಿ ಹತ್ತಿದ. ಮುಂದಿನ ದೃಶ್ಯದಲ್ಲಿ ಮಂಜು, ಅಡಿಕೆ ಮರದ ಸಾಲು, ಕೆಂಪು ಮಣ್ಣಿನ ರಸ್ತೆ, ಹೆಂಚಿನ ಮನೆಯ ಜಗಲಿಯಲ್ಲಿ ನಗುವ ಅಜ್ಜಿ, ಆಮೇಲೆ ಒಂದು ಹಳ್ಳ. ಹಳ್ಳದೊಳಗೆ ಗಾಡಿ ನುಗ್ಗಿದಾಗ ನೀರು ನಿಧಾನವಾಗಿ, ಬಹಳ ನಿಧಾನವಾಗಿ, ಎರಡೂ ಕಡೆ ರೆಕ್ಕೆಯ ಹಾಗೆ ಏಳುತ್ತದೆ. ಕೊನೆಗೆ ಸಮುದ್ರದ ಮೇಲಿನ ಬಂಡೆ, ಸೂರ್ಯಾಸ್ತ, "ದಾರಿ ತಪ್ಪಿ ನೋಡಿ" ಅನ್ನುವ ಅರ್ಥದ ಒಂದು ಸಾಲು. ಎಲ್ಲಿ ಶೂಟಿಂಗ್ ಮಾಡಿದರೋ, ನೋಡಲಿಕ್ಕೆ ನಮ್ಮೂರೇ. ಭಾವನ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಅಕ್ಕ ಅಡುಗೆಮನೆಯಿಂದ ಇಣುಕಿ ನೋಡಿ, "ಇದು ನಮ್ಮನೆ ಕೆಳಗಿನ ಹಳ್ಳದ ಹಂಗೇ ಇದ್ದಲೋ, ಅಲ್ಲಿಗೆ ಹೋಪಲೆ ಇಪ್ಪತ್ತು ಲಕ್ಷ ಎಂತಕ್ಕೆ?" ಅಂದಳು. ಯಾರೂ ಉತ್ತರ ಕೊಡಲಿಲ್ಲ.

ಆ ಹಳ್ಳಕ್ಕೆ ಒಂದು ಕಾಲುಸಂಕದ ಬದಲು ಸೇತುವೆ ಮಾಡಿಕೊಡಿ ಅಂತ ಭಾವನ ಅಪ್ಪ ಅರ್ಜಿ ಬರೆದಿದ್ದರು. ಭಾವನೂ ಬರೆದಿದ್ದಾನೆ. ಅರ್ಜಿಯ ಪ್ರತಿಗಳು ಅಟ್ಟದ ಮೇಲೆ, ಗಾಡಿಯ ಬ್ರೋಷರಿನ ಪಕ್ಕದಲ್ಲೇ ಇವೆ. ಒಂದರಲ್ಲಿ ಹಳ್ಳ ದಾಟುವ ಕಷ್ಟ ಪರಿಹರಿಸಿ ಅಂತ ವಿನಂತಿ, ಇನ್ನೊಂದರಲ್ಲಿ ಹಳ್ಳ ದಾಟುವ ಸುಖಕ್ಕೆ ಇಎಂಐ.

ಅಂತೂ ಲಾಂಚಿನ ದಿನ ಬಂತು. ಸಂಜೆ ಏಳಕ್ಕೆ ನೇರಪ್ರಸಾರ. ಆರೂವರೆಗೆ ಗಾಳಿ ಬೀಸಿ ಕರೆಂಟ್ ಹೋಯಿತು, ಕರೆಂಟಿನ ಹಿಂದೆ ಟವರೂ ಹೋಯಿತು. ನೆಟ್ವರ್ಕ್ ಸಿಗೋದು ಹಳ್ಳದ ಆಚೆ, ಬೆಟ್ಟದ ನೆತ್ತಿಯ ಮೇಲೆ, ಹಲಸಿನ ಮರದ ಬುಡದಲ್ಲಿ. ಅಲ್ಲಿ ದೂರದ ಇನ್ನೊಂದು ಟವರಿನ ಎರಡು ಕಡ್ಡಿ ಬರುತ್ತದೆ. "ನಡಿಯೋ" ಅಂದ ಭಾವ. ಅಕ್ಕ, ಮಕ್ಕಳಿಬ್ಬರು, ಪಕ್ಕದ ಮನೆಯವರಿಬ್ಬರು, ನಾನು, ಎಲ್ಲ ಸೇರಿ ಏಳು ಜನ ಓಮ್ನಿಯಲ್ಲಿ. ವೈಪರ್ ಒಂದೇ ಕಡೆಯದು ಕೆಲಸ ಮಾಡುತ್ತದೆ, ಅದೃಷ್ಟಕ್ಕೆ ಡ್ರೈವರಿನ ಕಡೆಯದು. ಹಳ್ಳದಲ್ಲಿ ಅರ್ಧ ಗಾಲಿ ನೀರು. ಫಸ್ಟ್ ಗೇರಿನಲ್ಲಿ ಗುರ್ ಅನ್ನುತ್ತಾ ದಾಟಿತು. ನೀರು ರೆಕ್ಕೆಯ ಹಾಗೇನೂ ಏಳಲಿಲ್ಲ, ಬಾಗಿಲ ಸಂದಿಯಿಂದ ಒಳಗೆ ಬಂದು ಅಕ್ಕನ ಸೀರೆ ಒದ್ದೆ ಮಾಡಿತು.

ಕವಳದ ಸಂಚಿಗೆ ಮೊಬೈಲ್ ಒರಗಿಸಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಏಳು ತಲೆ ಒಟ್ಟಾದೆವು. ಹೊಗೆ ಬಂತು, ಕುಣಿತ ಬಂತು, ಸೂಟು ಹಾಕಿದವರು ಬಂದು ಪಯಣ, ಭಾವನೆ, ಸ್ವಾತಂತ್ರ್ಯ ಅಂತ ಮಾತಾಡಿದರು. ಕೊನೆಗೆ ಗಾಡಿ ಬಂತು. ದೊಡ್ಡ ಪರದೆಯ ಮೇಲೆ ಅದು ಬೆಟ್ಟ ಇಳಿಯಿತು, ಹಳ್ಳಕ್ಕೆ ನುಗ್ಗಿತು, ನಡು ಹಳ್ಳದಲ್ಲಿ ನಿಂತುಬಿಟ್ಟಿತು. ಬಫರಿಂಗ್. ಪಕ್ಕದ ಮನೆಯವರು ಅಭ್ಯಾಸಬಲದಿಂದ "ಇಳಿದು ದೂಡ್ಲಾ?" ಅಂದರು. ಮತ್ತೆ ಚಿತ್ರ ಬರುವಷ್ಟರಲ್ಲಿ ಎಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಬೆಲೆ ಹೇಳಿದರಾ? ಇಲ್ಲ. ಇದು ಬರೀ ಅನಾವರಣವಂತೆ. ಬೆಲೆ ಹೇಳಲಿಕ್ಕೆ ಬೇರೆ ಕಾರ್ಯಕ್ರಮ, ಹಬ್ಬದ ಹೊತ್ತಿಗೆ.

ವಾಪಸ್ ಬರುವಾಗ ಹಳ್ಳ ಏರಿತ್ತು. ಭಾವ ಒಂದು ಕ್ಷಣ ನಿಲ್ಲಿಸಿ, ನೀರಿನ ಬಣ್ಣ ನೋಡಿ, ಕಲ್ಲು ಎಲ್ಲಿದೆ ಅಂತ ನೆನಪು ಮಾಡಿಕೊಂಡು, ಕ್ಲಚ್ ಬಿಡದೆ ಒಂದೇ ಉಸಿರಿಗೆ ದಾಟಿಸಿದ. ಆಚೆ ದಡಕ್ಕೆ ಬಂದು ಗಾಜು ಅಂಗೈಯಲ್ಲಿ ಒರೆಸಿಕೊಳ್ಳುತ್ತಾ, ಹೊಸ ಗಾಡಿ ಬಂದಮೇಲೆ ಅದನ್ನು ಈ ಕಡೆಗೆಲ್ಲ ತರೋದಿಲ್ಲ, ಗೀರು ಬೀಳುತ್ತದೆ ಅಂದ.

"ಹಾಂಗಾರೆ ಓಮ್ನಿ ಮಾರೋದಿಲ್ಲೆ?" ಅಂತ ಹಿಂದಿನಿಂದ ಅಕ್ಕ ಕೇಳಿದಳು.

"ಮಾರಿದ್ರೆ," ಅಂದ ಭಾವ, "ರೇಟು ಹೇಳೋ ದಿನ ಬೆಟ್ಟಕ್ಕೆ ಹೋಪದು ಎಂತದ್ರಲ್ಲಿ?"