ಕಪಾಟಿನಲ್ಲಿದ್ದ ಬೇರಿಂಗ್, ಕಂಪ್ಯೂಟರಿನಲ್ಲಿದ್ದ ಸೊನ್ನೆ

ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಪ್ಲಾನಿಂಗ್, ಅಂದರೆ ಯಂತ್ರಗಳ ರಿಪೇರಿ-ಆರೈಕೆಯ ಯೋಜನೆ, ನನ್ನ ಕೆಲಸ. ಮೊನ್ನೆಯ ಜಡಿಮಳೆಗೆ ಒಂದು ಪಂಪ್ ನಿಂತಿತು. ಬೇರಿಂಗ್ ಹೋಗಿತ್ತು. ಅದರ ನಂಬರ್ 6205, ಎಲ್ಲಿ ಕೇಳಿದರೂ ಸಿಗುವ ಮಾಲು. ರಿಪೇರಿ, ಬಿಡಿಭಾಗಗಳ ಲೆಕ್ಕ ಇಡುವ ನಮ್ಮ ಸಾಫ್ಟ್‌ವೇರ್‌ನಲ್ಲಿ ನೋಡಿದರೆ ಸ್ಟಾಕ್ ಸೊನ್ನೆ! ಹುಡುಗನನ್ನು ಆ ಮಳೆಯಲ್ಲೇ ಬಂದರಿನ ಅಂಗಡಿಗೆ ಓಡಿಸಿ ತರಿಸಿದೆವು. ಪಂಪ್ ತಿರುಗಿದ ಮೇಲೆ ಸ್ಟೋರಿನವರು ತಣ್ಣಗೆ ಹೇಳಿದರು, "ಅದು ಕಪಾಟಿನಲ್ಲಿ ಎಂಟು ಉಂಟಲ್ಲ ಮಾರಾಯ್ರೆ!"

ಉಂಟು, ನಿಜ. ಒಂದು ಕೋಡ್‌ನಲ್ಲಿ "ಬೇರಿಂಗ್ 6205", ಇನ್ನೊಂದರಲ್ಲಿ "ಬಾಲ್ ಬೇರಿಂಗ್ 25×52×15", ಮೂರನೆಯದರಲ್ಲಿ ಕಂಪನಿಯ ಹೆಸರಿನಿಂದ ಶುರು. ಸಾಮಾನು ಒಂದೇ. ನಾನು ಹುಡುಕಿದ್ದು ಮೊದಲನೆಯ ಹೆಸರಿನಲ್ಲಿ, ಮಾಲು ಕೂತದ್ದು ಎರಡನೆಯದರಲ್ಲಿ.

ಇದನ್ನು ಮೀಟಿಂಗಿನಲ್ಲಿ ಎತ್ತಿದರೆ, "ಸಾಫ್ಟ್‌ವೇರ್ ಹಾಕಿ ಆಯ್ತಲ್ಲ, ಕೇಕೂ ಕತ್ತರಿಸಿ ಆಯ್ತಲ್ಲ, ಇನ್ನೆಂತ?" ಎಂಬ ಮುಖಗಳು. ಹಂಚಿನ ಮನೆಯವರು ಪ್ರತಿ ಮೇ ತಿಂಗಳಲ್ಲಿ ಹಂಚು ಸರಿಮಾಡಲು ಮಾಡು ಹತ್ತುವುದಿಲ್ಲವೇ? ಇಂಥದ್ದೇ ಕೆಲಸದ ಮ್ಯಾಕ್ಸಿಮೊ ಎಂಬ ಸಾಫ್ಟ್‌ವೇರ್ 1985ರಿಂದ ಉಂಟು, 2006ರಲ್ಲಿ ಐಬಿಎಂ ಕೈಗೆ ಹೋದ ಮೇಲೂ ಬದಲಾಗುತ್ತಲೇ ಬಂದಿದೆ. ಮಾಡಿದವರೇ ಮುಗಿಯಿತು ಅನ್ನದ ಕೆಲಸವನ್ನು ನಾವು ಒಂದೇ ದಿನದಲ್ಲಿ ಮುಗಿಸಿಬಿಟ್ಟೆವು.

ನನಗೆ ಹೆಚ್ಚು ತಲೆಬಿಸಿ ಮಾಡಿದ್ದು 'ಇತರೆ'. ವರ್ಕ್ ಆರ್ಡರ್, ಅಂದರೆ ಒಂದೊಂದು ರಿಪೇರಿಯ ದಾಖಲೆ, ಮುಚ್ಚುವಾಗ ಯಂತ್ರ ಯಾಕೆ ಕೆಟ್ಟಿತು ಎಂದು ಪಟ್ಟಿಯಿಂದ ಆರಿಸಬೇಕು. ಆ ಪಟ್ಟಿಯೋ, ಇಳಿಸುತ್ತಾ ಹೋದರೆ ಮುಗಿಯುವುದೇ ಇಲ್ಲ. ಪಂಪಿನ ಕೆಲಸಕ್ಕೆ ಕ್ರೇನಿನ ಕಾರಣಗಳೂ ಬರುತ್ತವೆ. ಶಿಫ್ಟ್ ಮುಗಿಯುವ ಹೊತ್ತು, ಕೈಯೆಲ್ಲ ಗ್ರೀಸ್, ಹೊರಗೆ ಬಸ್ ಹಾರ್ನ್. ಫಿಟ್ಟರ್ ಎಂತ ಒತ್ತುತ್ತಾನೆ? 'ಇತರೆ'. ವರ್ಷದ ಕೊನೆಗೆ ಬಣ್ಣಬಣ್ಣದ ಚಾರ್ಟ್ ತೆಗೆದರೆ ನಮ್ಮ ಕಾರ್ಖಾನೆಯ ದೊಡ್ಡ ರೋಗದ ಹೆಸರು 'ಇತರೆ'! ಈಗ ಪಂಪಿಗೆ ಹತ್ತೇ ಕಾರಣ ಇಟ್ಟಿದ್ದೇವೆ. ಸೀಲ್ ಸೋರಿಕೆ, ಮೋಟರಿಗೆ ನೀರು, ಹೀಗೆ ಅವರ ಬಾಯಲ್ಲಿ ಬರುವ ಮಾತಿನಲ್ಲೇ.

ಇನ್ನು ಪಿಎಂ, ಅಂದರೆ ಕೆಡುವ ಮೊದಲೇ ಮಾಡುವ ಆರೈಕೆಯ (ಪ್ರಿವೆಂಟಿವ್ ಮೆಂಟೆನೆನ್ಸ್) ವೇಳಾಪಟ್ಟಿ. ಕೈಪಿಡಿಯಲ್ಲಿ ಮೂರು ತಿಂಗಳು ಅಂದರೆ ನಮ್ಮಲ್ಲೂ ಮೂರು ತಿಂಗಳು. ಬರೆದವನಿಗೆ ಪಣಂಬೂರಿನ ಉಪ್ಪುಗಾಳಿ ಗೊತ್ತುಂಟಾ? 1978ರಲ್ಲೇ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ವಿಮಾನದ ಬಿಡಿಭಾಗಗಳನ್ನು ಪರಿಶೀಲಿಸಿ ತೋರಿಸಿದ್ದರು: ವಯಸ್ಸಾದಂತೆ ಕೆಡುವ ಸಾಧ್ಯತೆ ಹೆಚ್ಚಿದ್ದು ಶೇ. 11ರಷ್ಟು ಭಾಗಗಳಲ್ಲಿ ಮಾತ್ರ. ಉಳಿದವನ್ನು ಕ್ಯಾಲೆಂಡರ್ ನೋಡಿ ಬಿಚ್ಚಿದರೆ ಹೆಚ್ಚು ಲಾಭವಿಲ್ಲ. ಚೆನ್ನಾಗಿ ಓಡುವ ಪಂಪನ್ನು ಜನವರಿಯಲ್ಲಿ ಬಿಚ್ಚಿ ನಾವೇ ಕೆಡಿಸಿದ್ದೂ ಉಂಟು. ಈಗ ಗ್ರೀಸ್ ಕೆಲಸವನ್ನು ಮಳೆಗಾಲಕ್ಕೆ ಒತ್ತಾಗಿ, ಬೇಸಗೆಗೆ ವಿರಳವಾಗಿ ಹಾಕಿದ್ದೇವೆ.

ಹಾಗಂತ ದಿನಾ ಬದಲಾಯಿಸುತ್ತಾ ಕೂತರೂ ಕಷ್ಟ. ಕಳೆದ ವರ್ಷ ನಾನೇ ಉತ್ಸಾಹದಲ್ಲಿ "ವಿವರ ಕಡ್ಡಾಯ" ಎಂದು ಒಂದು ಖಾನೆ ಸೇರಿಸಿದೆ. ಎಲ್ಲರೂ ಅದರಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋದರು. ಕೇಳಿದ್ದಕ್ಕೆ ಹಿರಿಯ ಫಿಟ್ಟರ್ ಅಂದರು, "ಸರ್, ರಿಪೇರಿ ಮಾಡ್ಲಿಕ್ಕೆ ಅರ್ಧ ಗಂಟೆ, ಬರಿಲಿಕ್ಕೆ ಮುಕ್ಕಾಲು ಗಂಟೆಯಾ?" ಉತ್ತರ ಇರಲಿಲ್ಲ. ಖಾನೆ ತೆಗೆದೆ. ಈಗ ಮೂರು ತಿಂಗಳಿಗೊಮ್ಮೆ ಮಾತ್ರ ಬದಲಾವಣೆ, ಹೊಸದೊಂದು ಸೇರಿಸಬೇಕಾದರೆ ಹಳೆಯದೊಂದು ಹೋಗಬೇಕು.

ಈ ತಿಂಗಳು 'ಇತರೆ' ಒಂಬತ್ತೇ ಬಂದಿದೆ. ಅದರಲ್ಲಿ ಏಳು ನೈಟ್ ಶಿಫ್ಟಿನದ್ದು. ನಾಳೆ ರಾತ್ರಿ ಫ್ಲಾಸ್ಕಿನಲ್ಲಿ ಚಾ ಹಿಡಿದುಕೊಂಡು ಅಲ್ಲೇ ಹೋಗಿ ಕೂರುವವನಿದ್ದೇನೆ.