ಗಲಾಟೆ ಇಲ್ಲ ಅಂದ ಮಾತ್ರಕ್ಕೆ ಆರಾಮ ಇದ್ದಾರೆ ಅಂತಲ್ಲ

ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಧ್ವನಿ ಕೇಳಿಸುವ, ಸಂಶಯ ಕಾಡುವ ಮಾನಸಿಕ ಕಾಯಿಲೆ, ಇರುವವರ ಮನೆಯಲ್ಲಿ "ಹೇಗಿದ್ದಾರೆ ಈಗ?" ಅಂತ ಕೇಳಿ ನೋಡಿ. ಶಿರಸಿ ಕಡೆ ಬಹುಪಾಲು ಬರುವ ಉತ್ತರ ಒಂದೇ: "ಈಗ ಗಲಾಟೆ ಎಂತೂ ಇಲ್ಲೆ, ಅಡ್ಡಿಲ್ಲೆ." ನನ್ನ ತಕರಾರು ಆ 'ಅಡ್ಡಿಲ್ಲೆ' ಮೇಲೆಯೇ. ಬೆಳಿಗ್ಗೆ ಹತ್ತಕ್ಕೆ ಏಳುವುದು, ಜಗಲಿ ಮೂಲೆಯಲ್ಲಿ ಬೀಡಿ ಸೇದುತ್ತ ಕೂರುವುದು, ಊಟ, ಮತ್ತೆ ನಿದ್ದೆ. ಮನೆಯವರಿಗೆ ಇದು ಅನುಕೂಲ, ಸರಿ. ಆ ಮನುಷ್ಯನ ಇಡೀ ದಿನ ಎಲ್ಲಿ ಹೋಯಿತು ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

ಗುಳಿಗೆಗಳು ಚೆನ್ನಾಗಿ ಹಿಡಿಯುವುದು ಕಿವಿಯಲ್ಲಿ ಕೇಳುವ ಧ್ವನಿಗಳನ್ನು, ಸಂಶಯವನ್ನು. ಹುಮ್ಮಸ್ಸು ಬತ್ತುವುದು, ಮಾತು ಕಡಿಮೆಯಾಗುವುದು, ಸ್ನಾನಕ್ಕೂ ಮನಸ್ಸು ಬಾರದಿರುವುದು ಸಹ ಇದೇ ಕಾಯಿಲೆಯ ಭಾಗ. ಇದರ ಮೇಲೆ ಗುಳಿಗೆಯ ಆಟ ಅಷ್ಟಾಗಿ ನಡೆಯುವುದಿಲ್ಲ. ನಾವು ಅದಕ್ಕೆ 'ಸೋಮಾರಿ' ಅಂತ ಹೆಸರಿಟ್ಟು ದಿನಾ ಬೈಯುತ್ತೇವೆ. ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲೇ ತೋರಿಸಿಕೊಟ್ಟ ಸಂಗತಿ ಇದು: ಸದಾ ಟೀಕಿಸುವ, ಸಿಡುಕುವ ಮನೆಗೆ ಮರಳಿದವರಿಗೆ ಕಾಯಿಲೆ ಮರುಕಳಿಸುವುದು ಹೆಚ್ಚು. ಅತಿ ಕಾಳಜಿಯೂ ಅದೇ ಪಟ್ಟಿಯಲ್ಲಿದೆ. ನಲವತ್ತು ವರ್ಷದ ಮಗನಿಗೆ ಅನ್ನ ಕಲಸಿಕೊಡುವ ಅಮ್ಮಂದಿರು ಸ್ವಲ್ಪ ಗಮನಿಸಬೇಕು.

"ಏಳು, ಸ್ನಾನ ಮಾಡು, ತಿಂಡಿ ತಿಂದು ಡೇರಿಗೆ ಹಾಲು ಕೊಟ್ಟು ಬಾ" ಅಂತ ಒಂದೇ ಉಸಿರಿಗೆ ಹೇಳಿದರೆ ನಾಲ್ಕರಲ್ಲಿ ಒಂದೂ ಆಗುವುದಿಲ್ಲ. ನೆನಪು, ಗಮನ ಎರಡೂ ಈ ಕಾಯಿಲೆಯಲ್ಲಿ ಪೆಟ್ಟು ತಿಂದಿರುತ್ತವೆ. ಒಂದು ಮುಗಿದ ಮೇಲೆ ಇನ್ನೊಂದು ಹೇಳಿ. ಸ್ನಾನಕ್ಕೆ ಬಿಸಿನೀರು, ಟವೆಲ್ಲು, ಬಟ್ಟೆ ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇರಲಿ.

ಕೆಲಸದ ವಿಚಾರ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗಡಿಯಾರಕ್ಕೆ ಕಟ್ಟುಬೀಳದ ಕೆಲಸಗಳು ಬೇಕಷ್ಟಿವೆ. ಅಡಿಕೆ ಸುಲಿಯುವುದು, ಬಲೆ ರಿಪೇರಿ, ಕೊಟ್ಟಿಗೆ ಕೆಲಸ. ಸುಲಿದಷ್ಟಕ್ಕೆ ಕೂಲಿ ಅನ್ನುವ ಲೆಕ್ಕ ಇವರಿಗೆ ಒಗ್ಗುತ್ತದೆ, ನಿಧಾನ ಆದರೂ ಯಾರೂ ತಳ್ಳುವುದಿಲ್ಲ. ಆದರೆ ಎರಡು ತೊಡಕು. ಗುಳಿಗೆಯಿಂದ ಕೈ ನಡುಗುತ್ತಿದ್ದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರಿಸಬೇಡಿ, ಸುಲಿದದ್ದನ್ನು ಆರಿಸಲು ಕೊಡಿ. ಸುಲಿಯುವ ಗುಂಪಿನಲ್ಲಿ ನಗೆ, ಚೇಷ್ಟೆ ಇದ್ದೇ ಇರುತ್ತದೆ. ಸಂಶಯ ಪೂರ್ತಿ ಹೋಗದವರಿಗೆ ಆ ನಗು ತನ್ನ ಮೇಲೆಯೇ ಅನ್ನಿಸುತ್ತದೆ. ಅಂಚಿನಲ್ಲಿ, ಪರಿಚಯದ ಒಬ್ಬರ ಪಕ್ಕ, ಮೊದಲ ವಾರ ದಿನಕ್ಕೆ ಎರಡೇ ತಾಸು ಸಾಕು. ಮನೆಯ ತೋಟದ್ದೇ ಕೆಲಸ ಆದರೂ ಕೂಲಿಯನ್ನು ಅವರ ಕೈಗೇ ಕೊಡಿ. ಊಟ ಹಾಕುತ್ತೇವಲ್ಲ ಅನ್ನುವ ಮಾತು ಬೇಡ.

ಸಾಣಿಕಟ್ಟೆಯ ಉಪ್ಪಿನ ಆಗರವೋ, ದೋಣಿ ಕೆಲಸವೋ ಆದರೆ ಬಿಸಿಲಿನ ಬಗ್ಗೆ ಎಚ್ಚರ ಬೇಕು. ಈ ಔಷಧಿಗಳಲ್ಲಿ ಹಲವು, ಮುಖ್ಯವಾಗಿ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಬೆವರನ್ನು ಕಡಿಮೆ ಮಾಡುತ್ತವೆ. ಏಪ್ರಿಲ್, ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಬೆವರದ ಮೈ ಕಾದು ಕುಸಿಯುವುದು ಬೇಗ. ಬೆಳಗಿನ ಹೊತ್ತಿನ ಕೆಲಸ, ಮೇಲಿಂದ ಮೇಲೆ ನೀರು ಅಥವಾ ಗಂಜಿ ತಿಳಿ, ಹನ್ನೊಂದರ ಮೇಲೆ ನೆರಳು.

ಔಷಧಿಯ ಇನ್ನೊಂದು ತೊಂದರೆಯನ್ನು ಮನೆಯವರು ಮೇಲಿಂದ ಮೇಲೆ ತಪ್ಪಾಗಿ ಓದುತ್ತಾರೆ. ಕೂತಲ್ಲಿ ಕೂರಲಾಗದೆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುವುದು, ನಿಂತಲ್ಲೇ ಕಾಲು ಬದಲಿಸುವುದು. "ಮತ್ತೆ ಜಾಸ್ತಿ ಆತು" ಅಂತ ಡಾಕ್ಟರಿಗೆ ಹೇಳಿದರೆ ಡೋಸ್ ಏರಬಹುದು, ಡೋಸ್ ಏರಿದರೆ ಚಡಪಡಿಕೆಯೂ ಏರಬಹುದು. ಹಾಗಾಗಿ ಕಂಡದ್ದನ್ನು ಕಂಡ ಹಾಗೇ ಹೇಳಿ: ಯಾವಾಗ ಶುರುವಾಯಿತು, ಗುಳಿಗೆ ಬದಲಾದ ಎಷ್ಟು ದಿನಕ್ಕೆ. ಈ ಕಾಯಿಲೆಗೆ ಕೊಡುವ ಓಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ತೂಕ, ಸಕ್ಕರೆ ಏರುತ್ತವೆ. ಶುರುವಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತೂಕ, ಬಿಪಿ, ಸಕ್ಕರೆ, ಕೊಬ್ಬು ನೋಡಿಸಿ. ಈ ಕಾಯಿಲೆಯವರು ಬೇಗ ತೀರಿಕೊಳ್ಳುವುದರಲ್ಲಿ ಹೃದಯದ ತೊಂದರೆಯ ಪಾಲು ದೊಡ್ಡದು. ಬೀಡಿಯ ಹೊಗೆ ಈ ಎರಡೂ ಔಷಧಿಗಳನ್ನು ದೇಹದಿಂದ ಬೇಗ ಖಾಲಿ ಮಾಡಿಸುತ್ತದೆ. ಬೀಡಿ ಬಿಡುವುದು ಒಳ್ಳೆಯದೇ, ಆದರೆ ಒಮ್ಮೆಲೇ ಬಿಟ್ಟಾಗ ಅದೇ ಡೋಸ್ ಹೆಚ್ಚಾಗಿ ಮಂಪರು, ಜೊಲ್ಲು ಶುರುವಾಗಬಹುದು. ಡಾಕ್ಟರಿಗೆ ಮೊದಲೇ ತಿಳಿಸಿ.

ಗುಳಿಗೆ ನಿಲ್ಲಿಸಿದ ಮರುದಿನವೇ ಕಾಯಿಲೆ ಬಂದರೆ ಯಾರೂ ನಿಲ್ಲಿಸುತ್ತಿರಲಿಲ್ಲ. ಆಗುವುದು ಉಲ್ಟಾ. ನಿಲ್ಲಿಸಿದ ಮೊದಲ ವಾರಗಳಲ್ಲಿ ಮಂಪರು ಹೋಗಿ ಮನುಷ್ಯ ಚುರುಕಾಗುತ್ತಾನೆ, "ಗುಳಿಗೆ ಬೇಕಾಗೇ ಇರಲಿಲ್ಲ" ಅನ್ನಿಸುತ್ತದೆ. ವಾರಗಳೋ ತಿಂಗಳುಗಳೋ ಕಳೆದು ಕಾಯಿಲೆ ಮರಳಿ ನಿದ್ದೆ ಕೆಡುವ ಹೊತ್ತಿಗೆ ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ದಿನಾ ನುಂಗುವುದೇ ಜಗಳ ಆದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಕೇಳಿ.

ಮಳೆಗಾಲದ ಮಾತು ಬೇರೆಯೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಬಂದಾದದ್ದು ಎಲ್ಲರಿಗೂ ನೆನಪಿದೆ. ಘಟ್ಟದ ರಸ್ತೆಗಳ ಕಥೆ ಪ್ರತಿ ವರ್ಷ ಗೊತ್ತೇ ಇದೆ. ಮೇ ಕೊನೆಗೇ ಒಂದು ತಿಂಗಳ ಗುಳಿಗೆ ಹೆಚ್ಚುವರಿಯಾಗಿ ಇರಲಿ, ಮನೆಯ ಇನ್ನೊಬ್ಬರ ಸುಪರ್ದಿಯಲ್ಲಿ. ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ಆಷಾಢದ ತೇವಕ್ಕೆ ಮೆತ್ತಗಾಗುತ್ತವೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಕಾಯಿಲೆಗಳಿಗೆ ಮನೋಚೈತನ್ಯ ಕ್ಲಿನಿಕ್ ಅಂತ ಇದೆ. ಘಟ್ಟ ಹತ್ತಿ ಇಳಿಯುವ ಮುಂಚೆ ನಿಮ್ಮ ತಾಲೂಕಿಗೆ ಮನೋವೈದ್ಯರು ಬರುವ ದಿನ ಫೋನಿನಲ್ಲಿ ಕೇಳಿಕೊಳ್ಳಿ. ರಾತ್ರಿ ಹಗಲು ಕನ್ನಡದಲ್ಲೇ ಮಾತಾಡಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕರೆಗೆ ದುಡ್ಡಿಲ್ಲ.

ಅಂಗವಿಕಲರ ಪ್ರಮಾಣಪತ್ರ ಕೈತಪ್ಪುವುದು ಮರ್ಯಾದೆ ಕಾಯಲು ಹೋಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಸೌಲಭ್ಯಕ್ಕೆ ಶೇಕಡಾ 40 ವೈಕಲ್ಯ ಬೇಕು. ಡಾಕ್ಟರು ನೋಡುವುದು ನಾಲ್ಕು ವಿಷಯ: ತನ್ನ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ತಿಳುವಳಿಕೆ, ಕೆಲಸ. ಒಂದೊಂದಕ್ಕೂ 0ರಿಂದ 4 ಅಂಕ, ಜೊತೆಗೆ ಕಾಯಿಲೆಯ ಅವಧಿಗೆ ಅಂಕ. ಆ ದಿನ ಮನೆಯವರು ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಸಿ ಕರೆತರುತ್ತಾರೆ. "ಹೇಗಿದ್ದೀರಿ?" ಅಂದರೆ ಕಾಯಿಲೆಯವರು "ಆರಾಮ" ಅನ್ನುತ್ತಾರೆ. ಮುಗಿಯಿತು. ಸ್ನಾನಕ್ಕೆ ಎಷ್ಟು ಸಲ ಕರೆಯಬೇಕು, ಕಳೆದ ತಿಂಗಳು ಎಷ್ಟು ದಿನ ಕೆಲಸ ಮಾಡಿದರು, ಯಾರ ಜೊತೆ ಮಾತಾಡಿದರು, ಇದನ್ನು ಹಾಳೆಯಲ್ಲಿ ಬರೆದು ಒಯ್ಯಿರಿ. ಅರ್ಜಿ ತುಂಬಲು ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು ಇದ್ದಾರೆ.

ಗಾಡಿಗರ (ಮಂತ್ರ-ತಂತ್ರ ಮಾಡುವವರ) ಹತ್ತಿರ, ದೇವರ ಹತ್ತಿರ ಹೋಗುವವರನ್ನು ನಾನು ಬೈಯುವುದಿಲ್ಲ. ಗುಳಿಗೆ ನಿಲ್ಲಿಸು ಅನ್ನದ ಗಾಡಿಗ ಸಾಕು. ಸರಪಳಿ ಹಾಕುವುದು ಮಾತ್ರ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಷೇಧ, ಅದರಲ್ಲಿ ಚರ್ಚೆಯೇ ಇಲ್ಲ.

ಆಮೇಲೆ ಆಟ. ಜನವರಿಯಿಂದ ಮೇವರೆಗೆ ಊರಲ್ಲಿ ಯಕ್ಷಗಾನ ಇದ್ದರೆ ಕರೆದುಕೊಂಡೇ ಹೋಗಿ, ನಾಲ್ಕು ಜನ ಮಾತಾಡಿಸಲಿ. ಆದರೆ ಬೆಳಗಿನವರೆಗೆ ಬೇಡ, ನಿದ್ದೆಗೆಟ್ಟರೆ ಇವರಿಗೆ ಬೇಗ ಕಷ್ಟ. ಕೆಲವೇ ತಾಸಿಗೆ ಮುಗಿಯುವ ಕಾಲಮಿತಿಯ ಆಟ ಆರಿಸಿ. ಇಡೀ ರಾತ್ರಿಯದಾದರೆ ಹನ್ನೊಂದಕ್ಕೆ ಎದ್ದು ಬನ್ನಿ. ರಾತ್ರಿಯ ಗುಳಿಗೆ ಮನೆಗೆ ಬಂದ ಮೇಲೆ.