ಕೈ ನಡುಕ ಅಲ್ಲ ಚಿಕ್ಕಪ್ಪ, ಅದು ಟಚ್‌ಪ್ಯಾಡ್

ನಮ್ಮ ಚಿಕ್ಕಪ್ಪ ಬರೆಯೋದನ್ನೇ ಬಿಟ್ಟಿದ್ದರು. ನಲವತ್ತೊಂದು ಪುಟ ಟೈಪ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ, ಬೀರುವಿನ ಮೇಲೆ ಇಟ್ಟಿದ್ದರು. ಯಾಕೆ ಅಂತ ಕೇಳಿದರೆ ಎರಡೂ ಕೈ ಮುಂದೆ ಚಾಚಿದರು.

"ನಡುಗ್ತದೆ ಮಾರಾಯ್ತಿ. ವಯಸ್ಸಾಯ್ತಲ್ಲ. ನಾನು ಒಂದು ಕಡೆ ಹೊಡೆದ್ರೆ ಅಕ್ಷರ ಇನ್ನೊಂದು ಕಡೆ ಹೋಗಿ ಬೀಳ್ತದೆ."

ಆ ಕೈಗಳನ್ನು ತುಂಬ ಹೊತ್ತು ನೋಡಿದೆ. ನಡುಗುತ್ತಿರಲಿಲ್ಲ.

ಅವತ್ತಿನಿಂದ ಈ ವಿಷಯ ಬರೀಬೇಕು ಅಂತ ಮನಸ್ಸಲ್ಲಿ ಕೂತಿದೆ. ನಾನು ಶಿವಮೊಗ್ಗದಲ್ಲಿ ಹದಿನೆಂಟು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಕ್ರಯಪತ್ರ, ಸಂಘದ ವಾರ್ಷಿಕ ವರದಿ, ಕವನ ಸಂಕಲನ, ಎಲ್ಲಾ ಟೈಪ್ ಮಾಡಿದ್ದೇನೆ. ಟೈಪ್ ಮಾಡುವಾಗ ಕರ್ಸರ್, ಅಂದರೆ ಅಕ್ಷರ ಬೀಳುವ ಜಾಗ ತೋರಿಸುವ ಮಿನುಗುವ ಗೀಟು, ತಾನಾಗೇ ಹಾರಿ ಬೇರೆ ಸಾಲಿಗೆ ಹೋಗುವ ಈ ತೊಂದರೆಯನ್ನು ಎಷ್ಟೋ ಜನ ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಹೆಚ್ಚುಕಡಿಮೆ ಎಲ್ಲರೂ ಚಿಕ್ಕಪ್ಪನ ಹಾಗೇ ಶುರು ಮಾಡುತ್ತಾರೆ. "ನಂಗೆ ಸರಿಯಾಗಿ ಟೈಪಿಂಗ್ ಬರಲ್ಲ ಮೇಡಂ." ಲ್ಯಾಪ್‌ಟಾಪ್ ಸರಿ ಇಲ್ಲ ಅಂತ ಯಾರೂ ಹೇಳಲ್ಲ. ನನಗೆ ಬೇಜಾರಾಗೋದು ಇಲ್ಲೇ.

ಚಿಕ್ಕಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿ ನಿವೃತ್ತರಾದವರು. ಈಗ ಆನಂದಪುರದ ಹತ್ತಿರ ಮನೆ. ಅವರು ಹುಟ್ಟಿದ ಊರು ಶರಾವತಿ ಮುಳುಗಡೆಯಲ್ಲಿ ಹೋಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಬಿಡುವಾಗ ಅವರಿಗೆ ಹತ್ತೋ ಹನ್ನೊಂದೋ ವರ್ಷ. ಯಾರ ಮನೆ ಎಲ್ಲಿತ್ತು, ಯಾವ ಗದ್ದೆಗೆ ಏನು ಹೆಸರು, ಹೊಳೆ ದಾಟೋಕೆ ದೋಣಿ ಎಲ್ಲಿ ನಿಲ್ಲುತ್ತಿತ್ತು, ಯಾವ ಹಲಸಿನ ಮರದ ಹಣ್ಣು ಯಾರಿಗೆ ಅಂತ ಇತ್ತು, ಅದೆಲ್ಲ ಅವರ ತಲೆಯಲ್ಲಿ ಇದೆ. ಆ ಊರಿನವರಲ್ಲಿ ಇಷ್ಟು ನೆನಪು ಇರುವವರು ಇನ್ನು ಮೂರು ನಾಲ್ಕು ಜನ ಇರಬಹುದು. ಮಗ ಬೆಂಗಳೂರಿಂದ ಲ್ಯಾಪ್‌ಟಾಪ್ ತಂದುಕೊಟ್ಟ. ನಾನು ಹೋಗಿ ಕನ್ನಡ ಟೈಪ್ ಮಾಡುವ ನುಡಿ ಕೀಲಿಮಣೆ ಹೇಳಿಕೊಟ್ಟೆ. ಕೆ.ಪಿ. ರಾವ್ ರೂಪಿಸಿದ ಆ ವಿನ್ಯಾಸ ಎಷ್ಟು ಸಲೀಸು ಅಂದರೆ, ಮೂರೇ ದಿನದಲ್ಲಿ ಚಿಕ್ಕಪ್ಪ ತಮ್ಮ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಹೊಡೆದು ತೋರಿಸಿದರು. ಅಷ್ಟು ಖುಷಿಯಲ್ಲಿ ಶುರು ಮಾಡಿದ ಮನುಷ್ಯ ಬೀರುವಿನ ಮೇಲೆ ಇಟ್ಟುಬಿಟ್ಟರು ಅಂದರೆ ಸುಮ್ನೆ ಬಿಡೋಕಾಗತ್ತಾ?

ಪಕ್ಕದಲ್ಲಿ ಕೂತು ಟೈಪ್ ಮಾಡಿಸಿದೆ. ಕಣ್ಣೆದುರೇ ಆಯಿತು.

"ಅಜ್ಜ" ಅಂತ ಹೊಡೆಯುತ್ತಿದ್ದರು. ನುಡಿಯಲ್ಲಿ ಅ, ಜ, ಆಮೇಲೆ ಒತ್ತಿಗೆ ಎಫ್ ಕೀಲಿ, ಮತ್ತೆ ಜ. ಅ ಬಂತು, ಜ ಬಂತು. ಎಫ್ ಎಲ್ಲಿದೆ ಅಂತ ಹುಡುಕಿದರು. ಹುಡುಕುವಾಗ ಎಡಗೈ ಹೆಬ್ಬೆರಳ ಬುಡ ಮೆಲ್ಲಗೆ ಟಚ್‌ಪ್ಯಾಡ್, ಅಂದರೆ ಕೀಲಿಗಳ ಕೆಳಗೆ ಬೆರಳಾಡಿಸುವ ಚೌಕ, ಅದರ ಅಂಚಿಗೆ ತಾಗಿತು. ಅಷ್ಟೇ. ಮಿನುಗುವ ಗೀಟು ನಾಲ್ಕು ಸಾಲು ಮೇಲೆ ಹಾರಿ "ಮನೆ" ಅನ್ನುವ ಪದದ ಮಧ್ಯೆ ಕೂತಿತು. ಅವರ ಕಣ್ಣು ಕೀಲಿಗಳ ಮೇಲೆ. ಎಫ್ ಒತ್ತಿದರು, ಜ ಒತ್ತಿದರು, "ನೆಟ್ಟ ಮರ" ಅಂತ ಮುಂದೆ ಹೋದರು. ತಲೆ ಎತ್ತಿ ನೋಡಿದರೆ ಇಲ್ಲಿ "ಅಜ" ಅಂತ ಮೊಂಡಾಗಿ ನಿಂತಿದೆ. ಅಲ್ಲಿ "ಮ್ಜ" ಅನ್ನೋ ಒಂದು ಅಕ್ಷರ, ಅದಾದ ಮೇಲೆ "ನೆಟ್ಟ ಮರ", ಅದಕ್ಕೆ ಅಂಟಿಕೊಂಡು ಒಂಟಿ "ನೆ".

ಇಂಗ್ಲಿಷಿನಲ್ಲಿ ಹೀಗಾದರೆ ಒಂದು ಅಕ್ಷರ ಆಚೀಚೆ ಆಗತ್ತೆ. ಕೆಳಗೆ ಕೆಂಪು ಗೀಟು ಬರತ್ತೆ, ಗೊತ್ತಾಗತ್ತೆ. ಕನ್ನಡದಲ್ಲಿ ಅಕ್ಷರವೇ ಎರಡು ತುಂಡಾಗತ್ತೆ. ತಲೆ ಒಂದು ಪದದಲ್ಲಿ, ಒತ್ತು ಇನ್ನೊಂದು ಪದದಲ್ಲಿ. ಕಾಗುಣಿತ ನೋಡುವ ತಂತ್ರಾಂಶವನ್ನು ಮನೆಯಲ್ಲಿ ಹಾಕಿಕೊಂಡವರು ಎಷ್ಟು ಜನ? ಪುಟ ಮತ್ತೆ ಓದೋವರೆಗೆ ಗೊತ್ತೇ ಆಗಲ್ಲ. ಕ್ರಯಪತ್ರ ಟೈಪ್ ಮಾಡುವಾಗ ಸರ್ವೆ ನಂಬರಿನ ಒಂದು ಅಂಕಿ ಹೀಗೆ ಹಾರಿದರೆ ಏನಾಗಬಹುದು ಅಂತ ಯೋಚನೆ ಮಾಡಿ. ನಾನಂತೂ ನಂಬರುಗಳನ್ನು ಇವತ್ತಿಗೂ ಎರಡು ಸಲ ಗಟ್ಟಿಯಾಗಿ ಓದದೆ ಪ್ರಿಂಟ್ ಕೊಡಲ್ಲ.

ಆಗುವುದು ಇಷ್ಟು. ಟಚ್‌ಪ್ಯಾಡಿನ ಕೆಳಗೆ ಸಣ್ಣ ತಂತಿ ಗೆರೆಗಳ ಬಲೆ ಇದೆ, ಅದರಲ್ಲಿ ತೀರಾ ಸ್ವಲ್ಪ ವಿದ್ಯುತ್ ಇರತ್ತೆ. ಬೆರಳು ಹತ್ತಿರ ಬಂದರೆ ಅಲ್ಲಿ ವ್ಯತ್ಯಾಸ ಆಗತ್ತೆ, ಅದನ್ನೇ ಅದು ಅಳೆಯೋದು. ಒತ್ತಬೇಕು ಅಂತಿಲ್ಲ, ತಾಗಿದರೆ ಸಾಕು. ಪೂರ್ತಿ ಅಂಗೈ ಊರಿದರೆ "ಇದು ಅಂಗೈ" ಅಂತ ಗುರುತು ಹಿಡಿದು ಬಿಟ್ಟುಬಿಡುವ ಜಾಣತನ ಈಗಿನ ಲ್ಯಾಪ್‌ಟಾಪುಗಳಿಗೆ ಇದೆ. ಆದರೆ ಹೆಬ್ಬೆರಳ ಬುಡ ಅಂಚಿಗೆ ಸೋಕಿದರೆ ಆ ಜಾಗ ಬೆರಳ ತುದಿಯಷ್ಟೇ ಇರತ್ತೆ. ಬೆರಳು ತಟ್ಟಿತು ಅಂದುಕೊಂಡು ಕ್ಲಿಕ್ ಕೊಡತ್ತೆ. ಟಚ್‌ಪ್ಯಾಡಲ್ಲಿ ಬೆರಳಾಡಿಸಿದರೆ ಓಡಾಡುವ ಬಾಣ ಆಗ ಪುಟದಲ್ಲಿ ಎಲ್ಲಿರತ್ತೋ ಗೀಟು ಅಲ್ಲಿಗೇ ಹಾರತ್ತೆ.

ಹಾಗಾಗಿ ಪರೀಕ್ಷೆ ಸುಲಭ. ಟೈಪ್ ಮಾಡೋಕೆ ಮುಂಚೆ ಬಾಣ ಎಲ್ಲಿದೆ ನೋಡಿಕೊಳ್ಳಿ. ಅಕ್ಷರ ಹಾರಿ ಸರಿಯಾಗಿ ಅಲ್ಲಿಗೇ ಬಿದ್ದರೆ ಕಳ್ಳ ಟಚ್‌ಪ್ಯಾಡೇ. ಕೀಬೋರ್ಡ್ ಬದಲಾಯಿಸೋಕೆ ಹೋಗಬೇಡಿ. ಚಿಕ್ಕಪ್ಪನಿಗೆ ಒಂದು ಅಂಗಡಿಯವರು ಕೀಬೋರ್ಡ್ ಹೋಗಿದೆ, ಎರಡೂವರೆ ಸಾವಿರ ಆಗತ್ತೆ ಅಂದಿದ್ದರಂತೆ. ಹಾಕಿಸಿದ್ದರೆ ದುಡ್ಡೂ ಹೋಗುತ್ತಿತ್ತು, ತೊಂದರೆಯೂ ಉಳಿಯುತ್ತಿತ್ತು.

ಇನ್ನು ನನಗೆ ತುಂಬಾ ಸಿಟ್ಟು ಬರುವ ಮಾತಿಗೆ ಬರುತ್ತೇನೆ. "ನಿಧಾನಕ್ಕೆ ಟೈಪ್ ಮಾಡಿ, ಸರಿ ಹೋಗತ್ತೆ." ಮಗ ಹೇಳಿದ್ದು ಇದನ್ನೇ, ಅಂಗಡಿಯವರು ಹೇಳಿದ್ದೂ ಇದನ್ನೇ. ಅದು ಪೂರ್ತಿ ಉಲ್ಟಾ ಸಲಹೆ.

ಯಾಕೆ ಅಂದರೆ, ಟೈಪ್ ಮಾಡುವಾಗ ಟಚ್‌ಪ್ಯಾಡ್ ಸುಮ್ಮನಿರಲಿ ಅಂತ ತಂತ್ರಾಂಶದಲ್ಲೇ ವ್ಯವಸ್ಥೆ ಇರತ್ತೆ. ಕೀಲಿ ಒತ್ತಿದ ಮೇಲೆ ಸ್ವಲ್ಪ ಹೊತ್ತು ಟಚ್‌ಪ್ಯಾಡ್ ಮಲಗಿರತ್ತೆ. ಆ "ಸ್ವಲ್ಪ ಹೊತ್ತು" ಎಷ್ಟು? ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆ ಲಿನಕ್ಸ್, ಅದರಲ್ಲಿ ಈ ಕೆಲಸ ಮಾಡುವ ಲಿಬ್‌ಇನ್‌ಪುಟ್ ಅನ್ನುವ ತಂತ್ರಾಂಶದಲ್ಲಿ ಹೆಚ್ಚೆಂದರೆ ಸುಮಾರು ಅರ್ಧ ಸೆಕೆಂಡು. ನನ್ನಂಥವರು ಪಟಪಟ ಹೊಡೆಯುತ್ತಾ ಹೋದರೆ ಟಚ್‌ಪ್ಯಾಡಿಗೆ ಎಚ್ಚರ ಆಗೋಕೆ ಪುರುಸೊತ್ತೇ ಸಿಗಲ್ಲ. ಚಿಕ್ಕಪ್ಪ ಒಂದು ಅಕ್ಷರ ಹೊಡೆದು, ಮುಂದಿನದ್ದು ಹುಡುಕೋಕೆ ಮೂರು ಸೆಕೆಂಡು ತಗೋತಾರೆ. ಅಷ್ಟರಲ್ಲಿ ಅದು ಎದ್ದು ಕೂತಿರತ್ತೆ, ಇವರ ಕೈ ಅದರ ಮೇಲೇ ಇರತ್ತೆ. ಇನ್ನೊಂದು ವಿಷಯ. ಅದೇ ಲಿಬ್‌ಇನ್‌ಪುಟ್ ಶಿಫ್ಟ್ ಕೀಲಿ ಒತ್ತೋದನ್ನು ಟೈಪಿಂಗ್ ಅಂತ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ. ನಮಗೋ ಖ, ಘ, ಣ, ಳ, ಶ, ಎಲ್ಲಾ ದೀರ್ಘ, ಎಲ್ಲದಕ್ಕೂ ಶಿಫ್ಟ್ ಬೇಕು. ಕಿರುಬೆರಳನ್ನು ಮೂಲೆಯ ಶಿಫ್ಟಿಗೆ ಚಾಚಿದಾಗಲೇ ಅಂಗೈ ಜಾಸ್ತಿ ಕೆಳಗೆ ಬಾಗೋದು.

ಅಂದರೆ ಹೊಸದಾಗಿ ಕಲಿಯುವವರು, ವಯಸ್ಸಾದವರು, ಕನ್ನಡದಲ್ಲಿ ಹುಡುಕಿ ಹುಡುಕಿ ಹೊಡೆಯುವವರು, ಇವರಿಗೇ ಈ ಕಾಟ ಎಲ್ಲರಿಗಿಂತ ಜಾಸ್ತಿ. ಇವರಿಗೇ ನಾವು "ನಿಮಗೆ ಅಭ್ಯಾಸ ಇಲ್ಲ" ಅನ್ನುತ್ತೇವೆ. ಅವರು ನಂಬುತ್ತಾರೆ. ಆಮೇಲೆ ಬರೆಯೋದನ್ನೇ ಬಿಡುತ್ತಾರೆ. ಇದು ತಪ್ಪು ಅಲ್ವಾ?

ಸರಿ ಮಾಡೋಕೆ ಐದು ನಿಮಿಷ ಸಾಕು. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್‌ಗೆ ಹೋಗಿ, ಬ್ಲೂಟೂತ್ ಅಂಡ್ ಡಿವೈಸಸ್, ಅದರೊಳಗೆ ಟಚ್‌ಪ್ಯಾಡ್. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಡಿವೈಸಸ್, ಟಚ್‌ಪ್ಯಾಡ್. ಅಲ್ಲಿ ಟ್ಯಾಪ್ಸ್ ಅಂತ ಒಂದು ಭಾಗ ಇದೆ. ಒಂದು ಬೆರಳಲ್ಲಿ ತಟ್ಟಿದರೆ ಕ್ಲಿಕ್ ಅನ್ನುವ ಟಿಕ್ ಮಾರ್ಕ್ ತೆಗೆಯಿರಿ. ಎರಡು ಸಲ ತಟ್ಟಿ ಎಳೆದರೆ ಸೆಲೆಕ್ಟ್ ಆಗುವುದನ್ನೂ ತೆಗೆಯಿರಿ. ಆ ಎರಡನೆಯದು ದೊಡ್ಡ ಕಳ್ಳ. ಗೊತ್ತಿಲ್ಲದೆ ಒಂದು ಪ್ಯಾರಾ ಸೆಲೆಕ್ಟ್ ಆಗಿರತ್ತೆ, ಮುಂದಿನ ಕೀಲಿ ಒತ್ತಿದ ತಕ್ಷಣ ಪೂರ್ತಿ ಮಾಯ. ಹಾಗಾದರೆ ಗಾಬರಿ ಬೇಡ, ಬೇರೇನೂ ಒತ್ತದೆ ಕಂಟ್ರೋಲ್ ಹಿಡಿದು ಜೆಡ್ ಒತ್ತಿ, ವಾಪಸ್ ಬರತ್ತೆ. ಅದೇ ಜಾಗದಲ್ಲಿ ಟಚ್‌ಪ್ಯಾಡ್ ಸೆನ್ಸಿಟಿವಿಟಿ ಇದೆ. ಮೊದಲಿಂದ ಮೀಡಿಯಂ ಇರತ್ತೆ, ಲೋ ಮಾಡಿ. ಇಷ್ಟಾದ ಮೇಲೂ ಟಚ್‌ಪ್ಯಾಡ್ ಕೆಲಸ ಮಾಡತ್ತೆ. ಕ್ಲಿಕ್ ಬೇಕಾದಾಗ ಕೆಳಗಿನ ಭಾಗವನ್ನು ಟಿಕ್ ಅನ್ನುವ ಹಾಗೆ ಒತ್ತಬೇಕು, ಅಷ್ಟೇ ವ್ಯತ್ಯಾಸ.

ಮೌಸ್ ಇಟ್ಟುಕೊಂಡವರಿಗೆ ಇನ್ನೂ ಒಳ್ಳೆ ದಾರಿ ಇದೆ. ಅದೇ ಪುಟದಲ್ಲಿ, ಮೌಸ್ ಹಾಕಿದಾಗಲೂ ಟಚ್‌ಪ್ಯಾಡ್ ಆನ್ ಇರಲಿ ಅನ್ನುವ ಟಿಕ್ ತೆಗೆದುಬಿಡಿ. ಮೌಸ್ ಸಿಕ್ಕಿಸಿದರೆ ಟಚ್‌ಪ್ಯಾಡ್ ಆಫ್, ಕಿತ್ತರೆ ಆನ್. ನನ್ನ ಅಂಗಡಿಯಲ್ಲಿ ಹೀಗೇ ಇದೆ. ಕೆಲವು ಲ್ಯಾಪ್‌ಟಾಪಲ್ಲಿ ಮೇಲಿನ ಸಾಲಿನ ಎಫ್1, ಎಫ್2 ಅಂತ ಇರುವ ಕೀಲಿಗಳಲ್ಲಿ ಒಂದರ ಮೇಲೆ ಟಚ್‌ಪ್ಯಾಡಿನ ಚಿತ್ರ ಇರತ್ತೆ, ಅದೊಂದೇ ಒತ್ತಿದರೂ, ಇಲ್ಲ ಎಫ್‌ಎನ್ ಜೊತೆ ಒತ್ತಿದರೂ ಆಫ್ ಆಗತ್ತೆ. ಹಳೆಯ ಲ್ಯಾಪ್‌ಟಾಪ್ ಆದರೆ ಕಂಟ್ರೋಲ್ ಪ್ಯಾನೆಲ್‌ನ ಮೌಸ್ ವಿಭಾಗದಲ್ಲಿ ಸಿನಾಪ್ಟಿಕ್ಸ್ ಅಥವಾ ಎಲಾನ್ ಅಂತ ಟಚ್‌ಪ್ಯಾಡ್ ಕಂಪನಿಯ ಹೆಸರಿರುವ ಕಡೆ ಹುಡುಕಿ.

ಚಿಕ್ಕಪ್ಪ ತಮಗೆ ತೋಚಿದ ಉಪಾಯ ಒಂದು ಮಾಡಿದ್ದರು. ಕ್ಯಾಲೆಂಡರ್ ಹಾಳೆ ಕತ್ತರಿಸಿ ಟಚ್‌ಪ್ಯಾಡ್ ಮೇಲೆ ಹಾಸಿದ್ದರು. ತೆಳು ಕಾಗದ ಬೆರಳನ್ನು ಮರೆಮಾಡಲ್ಲ, ಅದರ ಮೂಲಕವೂ ಅದಕ್ಕೆ ಗೊತ್ತಾಗತ್ತೆ. ಆದರೆ ತೊಂದರೆ ಯಾವುದರಿಂದ ಅಂತ ಅವರಿಗೆ ಒಂದು ಅಂದಾಜು ಇತ್ತು ನೋಡಿ. ಸುತ್ತಲಿನವರೆಲ್ಲ ಸೇರಿ ತಪ್ಪನ್ನು ಅವರ ಕೈಯ ಮೇಲೆ ಹಾಕಿದರು.

ನಮ್ಮ ಕಡೆಯ ಎರಡು ಮಾತು ಇಲ್ಲೇ ಹೇಳಬೇಕು. ಒಂದು, ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಸುತ್ತಲಿನ ಊರುಗಳಲ್ಲೂ ಜೂನ್‌ನಿಂದ ಬಟ್ಟೆ ಒಣಗಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯತ್ತೆ. ಕೈ ಒದ್ದೆ ಇದ್ದರೆ, ಟಚ್‌ಪ್ಯಾಡ್ ಮೇಲೆ ತೇವ ಕೂತಿದ್ದರೆ ಬಾಣ ಹುಚ್ಚುಚ್ಚಾಗಿ ಓಡತ್ತೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿಕೊಂಡು ಕೂರಿ.

ಎರಡು, ಅರ್ಥಿಂಗ್. ಹಳೇ ಮನೆಗಳಲ್ಲಿ ಪ್ಲಗ್ಗಿಗೆ ಮೂರು ತೂತು ಇರತ್ತೆ, ಮೂರನೆಯದಕ್ಕೆ ತಂತಿಯೇ ಇರಲ್ಲ. ಚಾರ್ಜರ್ ಹಾಕಿದಾಗ ಮಾತ್ರ ಬಾಣ ನಡುಗಿ, ಕಿತ್ತರೆ ನಿಂತರೆ, ಲೋಹದ ಮೈ ಮುಟ್ಟಿದಾಗ ಜುಮ್ ಅಂದರೆ, ಅದು ಸೆಟ್ಟಿಂಗ್ಸಿಗೆ ಸೇರಿದ್ದಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ನೋಡಿಸಿ. ಮನೆಯವರ ಜೀವಕ್ಕೂ ಅದು ಬೇಕು.

ಇನ್ನೊಂದು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡರೆ, ಒತ್ತಿದರೆ ಬಿಗಿಯಾಗಿ ಟಿಕ್ ಅನ್ನದಿದ್ದರೆ, ಸಮ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲ್ಲಾಡಿದರೆ, ಕೆಳಗೆ ಬ್ಯಾಟರಿ ಊದಿರಬಹುದು. ತಕ್ಷಣ ಆಫ್ ಮಾಡಿ. ಚಾರ್ಜಿಗೆ ಹಾಕಬೇಡಿ, ಅದುಮಬೇಡಿ, ಚುಚ್ಚಬೇಡಿ. ಊದಿದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಅದನ್ನು ಬದಲಾಯಿಸಲೇಬೇಕು.

ನನ್ನದೊಂದು ಬೇಡಿಕೆ ಇದೆ. ಲ್ಯಾಪ್‌ಟಾಪ್ ಮಾರುವವರೇ, ಕೊಡುವ ಮುಂಚೆ ಗಿರಾಕಿಯನ್ನು ಕೂರಿಸಿ ನಾಲ್ಕು ಸಾಲು ಟೈಪ್ ಮಾಡಿಸಿ. ಆ ಎರಡು ಟಿಕ್ ಬೇಕಾ ಬೇಡ್ವಾ ಅಂತ ಕೇಳಿ. ಕಂಪ್ಯೂಟರ್ ಕ್ಲಾಸಿನವರೇ, ಮೊದಲ ದಿನ ಕೀಲಿಮಣೆ ಹೇಳಿಕೊಡೋಕೆ ಮುಂಚೆ ಇದನ್ನು ಹೇಳಿಕೊಡಿ. ಮನೆಯ ಮಕ್ಕಳೇ, ಅಪ್ಪ ಅಮ್ಮ ಫೋನಿನಲ್ಲಿ "ಅಕ್ಷರ ಎಲ್ಲೆಲ್ಲೋ ಹೋಗತ್ತೆ" ಅಂದರೆ "ನೋಡ್ಕೊಂಡು ಹೊಡಿರಿ" ಅನ್ನಬೇಡಿ. ವಿಡಿಯೋ ಕಾಲ್ ಮಾಡಿ ಅವರ ಕೈ ಎಲ್ಲಿ ಕೂತಿದೆ ನೋಡಿ.

ಚಿಕ್ಕಪ್ಪ ಈಗ ಬರೆಯುತ್ತಿದ್ದಾರೆ. ಅವತ್ತು ಟಿಕ್ ತೆಗೆದ ಮೇಲೆ ಅದೇ "ಅಜ್ಜ" ಹೊಡೆಸಿದೆ. ಒಂದೇ ಸಲಕ್ಕೆ ಬಂತು. ಇನ್ನೊಂದು ಸಲ ಹೊಡೆದರು. ಮತ್ತೊಂದು ಸಲ. ಒಂದು ಸಾಲು ತುಂಬ ಅಜ್ಜ ಅಜ್ಜ ಅಜ್ಜ. ಆಮೇಲೆ ಕನ್ನಡಕ ತೆಗೆದು ಒರೆಸಿದರು.

ಹಳೆಯ ನಲವತ್ತೊಂದು ಪುಟದಲ್ಲಿ ಹಾರಿ ಬಿದ್ದ ತುಂಡುಗಳನ್ನು ಇಬ್ಬರೂ ಸೇರಿ ಹುಡುಕುತ್ತಿದ್ದೇವೆ. ಭಾನುವಾರ ಅವರು ಫೋನಲ್ಲಿ ಓದುತ್ತಾರೆ, ನಾನು ಇಲ್ಲಿ ತಿದ್ದುತ್ತೇನೆ. ಹೋದ ವಾರ ಹದಿನೇಳನೇ ಪುಟಕ್ಕೆ ಬಂದೆವು. ಒಂದು ಮದುವೆ ದಿಬ್ಬಣದ ವರ್ಣನೆ ಮಧ್ಯೆ "ಹಳ್ಳದ ಆಚೆ ಇದ್ದದ್ದು ನಮ್ಮದೇ ಗದ್ದೆ" ಅಂತ ಒಂದು ಚೂರು ಬಿದ್ದಿದೆ. ಯಾವ ಹಳ್ಳ ಅನ್ನುವ ಹೆಸರು ಇನ್ನೆಲ್ಲೋ ಉಳಿದಿದೆ, ಇಲ್ಲ ಅಳಿಸಿ ಹೋಗಿದೆ. ಊರಲ್ಲಿ ಮೂರು ಹಳ್ಳ ಇದ್ದವಂತೆ.

"ತಡಿ ಮಾರಾಯ್ತಿ," ಅಂದರು. "ಅಕ್ಕನಿಗೆ ಫೋನ್ ಮಾಡಿ ಕೇಳ್ತೇನೆ. ಅಲ್ಲಿ ಬಟ್ಟೆ ಒಗೆಯೋಕೆ ಹೋಗ್ತಿದ್ದವಳು ಅವಳು."